ಕುದುರೆಗಾಲಿನ ಬಸವ

ಎಳ್ಳದಿನ್ನಿಯ ಆದನಗೌಡನಿಗೆ ಅಪ್ಪನಿಂದ ಬಂದ ಆಸ್ತಿ ಮೂರು ತರದ್ದು. ಎಂಬತ್ತು ಎಕರೆ ಎರೆಹೊಲ, ಕುದುರೆಯಿಲ್ಲದ ಒಂದು ಕುದುರೆಲಾಯ, ಮತ್ತು ಆ ಲಾಯದಲ್ಲಿ ಕಟ್ಟಿದರೂ ಹಿಡಿಸದಷ್ಟು ಜಂಬ. ನಿಜಾಮನ ಕಾಲದಲ್ಲಿ ಅಪ್ಪನ ಹತ್ತಿರ ಒಂದು ಬಿಳಿ ಕುದುರೆ ಇತ್ತಂತೆ. ಅದರ ಮೇಲೆ ಅವನು ಮಸ್ಕಿ ಸಂತೆಗೆ ಹೊರಟರೆ ದಾರಿಯುದ್ದಕ್ಕೂ ಜನ ಮುಂಡಾಸು ಬಿಚ್ಚಿ ನಿಲ್ಲುತ್ತಿದ್ದರಂತೆ. ಹೈದರಾಬಾದಿನ ಗದ್ದಲದಲ್ಲಿ ಕುದುರೆ ಎತ್ತಲೋ ಹೋಯಿತು. 'ಅಂತೆ'ಗಳು ಮಾತ್ರ ಲಾಯದಲ್ಲೇ ಉಳಿದು ಮೇವಿಲ್ಲದೆ ಕೊಬ್ಬಿದವು.

ಕಾಲುವೆ ಅಗೆಯುವವರು ಬಂದು, ನೀರು ಇನ್ನೂ ಬರದಿದ್ದ ವರ್ಷ ಗೌಡನ ಆಕಳೊಂದು ಗಂಡುಕರು ಹಾಕಿತು. ದನದ ಗೊರಸು ಎಂದರೆ ನಡುವೆ ಸೀಳಿ ಎರಡು ಹೋಳಾಗಿರಬೇಕು. ಈ ಕರುವಿನ ನಾಲ್ಕೂ ಕಾಲಿಗೆ ಸೀಳೇ ಇರಲಿಲ್ಲ. ಕುದುರೆಯ ಹಾಗೆ ದುಂಡಗೆ, ಕಾಲಿಗೊಂದೇ ಗೊರಸು. ಬಡವರ ಕೊಟ್ಟಿಗೆಯಲ್ಲಿ ಹುಟ್ಟಿದ್ದರೆ ಅದನ್ನು ಹೆಳವ ಎಂದು ಕರೆದು ಮುಗಿಸುತ್ತಿದ್ದರು. ಹುಟ್ಟಿದ್ದು ಗೌಡನ ಕೊಟ್ಟಿಗೆಯಲ್ಲಾದ್ದರಿಂದ ಮಠದ ಮರಿಸ್ವಾಮಿಗೆ ಹೇಳಿ ಕಳಿಸಿದರು.

ಮರಿಸ್ವಾಮಿ ದನದ ಮೈಮೇಲಿನ ಸುಳಿ ನೋಡಿ ಶುಭ-ಅಶುಭ ಹೇಳುವವನು. ಕರುವಿನ ಸುತ್ತ ಮೂರು ಸುತ್ತು ಹಾಕಿ, ಸುಳಿಯನ್ನು ಒಂದು ಸಲ, ಗೌಡನ ಮುಖವನ್ನು ಎರಡು ಸಲ ನೋಡಿದ.

"ಗೌಡ್ರ, ನಿಮ್ಮ ಅಪ್ಪಾರ ಕುದುರಿ ಹೊಳ್ಳಿ ಬಂದೈತ್ರಿ" ಎಂದ.

ಗೌಡನ ಕಣ್ಣಲ್ಲಿ ನೀರು ಬಂತು. ಕಾಲುವೆಗಿಂತ ಮೊದಲು ಎಳ್ಳದಿನ್ನಿಗೆ ಬಂದ ನೀರು ಅದೇ. ಕರುವನ್ನು ದೇವರ ಹೆಸರಲ್ಲಿ ಬಿಟ್ಟು 'ತುರಂಗಬಸವ' ಎಂದು ಹೆಸರಿಟ್ಟರು. ತುರಂಗ ಎಂದರೆ ಮರಿಸ್ವಾಮಿಯ ಪುಸ್ತಕದಲ್ಲಿ ಕುದುರೆ. ಊರವರ ಬಾಯಲ್ಲಿ ಜೈಲು. ಹೋರಿಗೆ ಮೂರು ವರ್ಷ ತುಂಬಿದ ಮೇಲೆ ಊರಿನ ಆಕಳುಗಳಿಗೆಲ್ಲ ಎರಡನೆಯ ಅರ್ಥವೇ ಅನ್ವಯವಾಯಿತು. ಬೆದೆಗೆ ಬಂದ ಆಕಳನ್ನು ತುರಂಗಬಸವನ ಹತ್ತಿರವೇ ಹೊಡೆದುಕೊಂಡು ಬರಬೇಕು, ಬೇರೆ ಊರಿನ ಹೋರಿಗೆ ಬಿಟ್ಟವರ ಮನೆಗೆ ಬೆಂಕಿ-ನೀರು ಬಂದ್ ಎಂದು ಗೌಡ ಕಟ್ಟೆಯ ಮೇಲೆ ಕೂತು ಸಾರಿದ.

ಮೊದಲ ಬೆಳೆಯ ಕರುಗಳೆಲ್ಲ ಸೀಳು ಗೊರಸಿನವೇ ಹುಟ್ಟಿದವು. ಒಂದಕ್ಕೂ ಕುದುರೆಗಾಲಿಲ್ಲ. ಗೌಡ ಊರನ್ನೇ ಬೈದ. "ನಿಮ್ಮ ಆಕಳಗೋಳು ಭಿಕಾರಿ ಆಕಳಾ ಅದಾವ. ಸರದಾರನ ರಗತ ಬಿದ್ರೂ ಹಿಡಕೊಳ್ಳಾಕ ಬರಂಗಿಲ್ಲ ಅವಕ್ಕ" ಎಂದ. ಆ ಕರುಗಳಲ್ಲಿ ಹೆಣ್ಣಾದವು ಬೆಳೆದು, ತಾವೂ ಬೆದೆಗೆ ಬಂದು, ತಮ್ಮ ಅಪ್ಪನ ಹತ್ತಿರವೇ ಹೋದವು. ಆಗ ಶುರುವಾಯಿತು. ಎರಡಕ್ಕೊಂದು ಕರು ಒಂಟಿ ಗೊರಸಿನದು. ಗೌಡ ಅಂಥ ಕರು ಹುಟ್ಟಿದ ಮನೆಗೆಲ್ಲ ಖುದ್ದಾಗಿ ಬಂದು, ಕರುವಿನ ಕೊರಳಿಗೆ ಅರಿಶಿನದ ಬಟ್ಟೆ ಕಟ್ಟಿ, ಮಗುವಿನ ಕಾಲು ಮುಟ್ಟಿದ ಹಾಗೆ ಗೊರಸು ಮುಟ್ಟಿ ಹೋಗುತ್ತಿದ್ದ.

ಗ್ಯಾನಮ್ಮನ ಮನೆಗೂ ಬಂದಿದ್ದ. ಅವಳ ಆಕಳು ಕೆಂಪಿ ತುರಂಗಬಸವನ ಮಗಳು. ಅದು ಹಾಕಿದ ಗಂಡುಕರುವಿನ ನಾಲ್ಕೂ ಕಾಲು ದುಂಡಗೆ. ಗ್ಯಾನಮ್ಮನ ಗಂಡ ಯಮನೂರಪ್ಪ ಗೌಡ ಬಂದನೆಂಬ ಖುಷಿಗೆ ಹಲ್ಲು ಕಿಸಿದವನು ಮೂರು ದಿನ ಬಾಯಿ ಮುಚ್ಚಲಿಲ್ಲ.

"ಗೌಡ್ರು ನಮ್ಮ ಹೊಸ್ತಲಾ ದಾಟ್ಯಾರ ಬೇ! ನಮ್ಮ ಕರಾಕ ರಾಜಾ ಅಂತ ಅವರೇ ಹೆಸರಿಟ್ಟಾರ!"

"ಹೂಂ. ಇನ್ನೊಂದೆರಡು ಕಾಲು ಕಮ್ಮಿ ಇದ್ದಿದ್ರ ಮಹಾರಾಜಾ ಅಂತ ಇಡ್ತಿದ್ರು" ಎಂದಳು ಗ್ಯಾನಮ್ಮ.

ಗ್ಯಾನಮ್ಮನಿಗೆ ಊರಲ್ಲಿ ಯಾರ ಮೇಲೂ ಗೌರವ ಇರಲಿಲ್ಲ. ಇಡಲು ಯೋಗ್ಯವಾದ ಜಾಗ ಸಿಕ್ಕಿರಲಿಲ್ಲ, ಅಷ್ಟೆ. ಅವಳಿಗಿದ್ದದ್ದು ಉಪಕಾಲುವೆಯ ತುದಿಯಲ್ಲಿ ಮೂರು ಎಕರೆ. ಎರೆಹೊಲವಾಗಿದ್ದಾಗ ಜೋಳ ಬೆಳೆಯುತ್ತಿತ್ತು. ನೀರು ಬಂದ ಮೇಲೆ ನೆಲ್ಲು ನಾಟಿ. ಆ ಮೂರು ಎಕರೆಯ ವಿಷಯದಲ್ಲಿ ಮಾತ್ರ ಅವಳು ನಾಲಗೆ ಬಿಗಿ ಹಿಡಿದು, ಕೈ ಮುಗಿದು ಮಾತಾಡುತ್ತಿದ್ದಳು.

ಒಣ ಎರೆಹೊಲದಲ್ಲಿ ಕುದುರೆಗಾಲು ನಡೆದುಹೋಗುತ್ತಿತ್ತು. ನಾಟಿಗೆ ಮೊಣಕಾಲುದ್ದ ಕೆಸರು ಮಾಡಬೇಕು, ಎತ್ತು ಆ ಕೆಸರಿನಲ್ಲಿ ಸುತ್ತಬೇಕು. ಸೀಳು ಗೊರಸು ಕೆಸರಿನಲ್ಲಿ ಅಗಲವಾಗಿ ಅರಳಿ ತಳ ಹಿಡಿಯುತ್ತದೆ, ಎತ್ತುವಾಗ ಕೂಡಿಕೊಂಡು ಮೇಲೆ ಬರುತ್ತದೆ. ಒಂಟಿ ಗೊರಸು ಹಾರೆಯ ಹಾಗೆ ನೇರ ಇಳಿಯುತ್ತದೆ, ಬಿರಡೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ರಾಜನಿಗೆ ನಾಲ್ಕು ವರ್ಷವಾದಾಗ ಅವನನ್ನು ಬಿಳಿಯನ ಜೊತೆ ನೊಗಕ್ಕೆ ಹೂಡಿದರು. ಬಿಳಿಯ ಸಿಂಧನೂರು ಸಂತೆಯಲ್ಲಿ ತಂದ ಎತ್ತು, ಹೆಸರಿಗೆ ಬಿಳಿಯ, ಗುಣಕ್ಕೆ ಎತ್ತು, ಅಷ್ಟೇ ಸಾಕು. ಅದು ಎಳೆಯುತ್ತಿತ್ತು, ರಾಜ ಹೂಳುತ್ತಿದ್ದ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ, ನಾಲ್ಕನೇ ಸುತ್ತಿಗೆ ರಾಜ ನಾಯಿಯ ಹಾಗೆ ನಾಲಗೆ ಚಾಚಿ ಏದುಸಿರು ಬಿಟ್ಟ. ಐದನೇ ಸುತ್ತಿಗೆ ಕಣ್ಣು ಮೇಲೆ ಮಾಡಿ, ನಾಲ್ಕೂ ಕಾಲು ಕೆಸರಲ್ಲಿ ನಾಟಿದ ಹಾಗೇ ನಡುಗಿ, ನೊಗದ ಸಮೇತ ಬಿದ್ದ. ಮೇಲೆ ನೀರು ಸುರಿದರು. ಏಳಲಿಲ್ಲ.

ಪಕ್ಕದ ಗದ್ದೆ ಜವಳಗೇರಾ ಹತ್ತಿರ, ಕಾಲುವೆ ನೀರಿಗೆಂದು ಬಂದು ನೆಲೆಸಿದವರ ಕ್ಯಾಂಪಿನಲ್ಲಿದ್ದ ಆಂಧ್ರದ ರೈತನದು. ಅವನು ಬದುವಿನ ಮೇಲೆ ಬಂದು ನಿಂತು ಸತ್ತ ಎತ್ತಿನ ಕಾಲು ನೋಡಿದ.

"ಇದಿ ಎದ್ದಾ, ಗುರ್ರಮಾ?" ಎಂದ. ಎತ್ತೋ ಕುದುರೆಯೋ ಎಂದು ಕೇಳಿದ್ದು. ನಗಲಿಲ್ಲ. ನಕ್ಕಿದ್ದರೆ ಗ್ಯಾನಮ್ಮನಿಗೆ ಬಯ್ಯಲು ಅನುಕೂಲವಿತ್ತು. ಸುಮ್ಮನೆ ಒಂದು ಮಾತು ಬಿಟ್ಟು ಹೋದ: ಎತ್ತಿಲ್ಲದವರು ಹೊಲ ಇಟ್ಟುಕೊಂಡು ಏನು ಮಾಡುತ್ತಾರೆ, ಲಾವಣಿಗೆ ಹಾಕಿ, ವರ್ಷಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟು ನಾನು ಮಾಡುತ್ತೇನೆ.

ಯಮನೂರಪ್ಪನಿಗೆ ಆ ಮಾತು ಕಿವಿಗೆ ಎಣ್ಣೆ ಬಿಟ್ಟ ಹಾಗೆ ಹಿತವಾಯಿತು. "ಕೊಟ್ಟುಬಿಡೂಣು ಬೇ. ಆರಾಮ ಕುಂತು ಉಣ್ಣೂಣು."

"ಹೋದ ವರ್ಷ ಲಾವಣಿಗೆ ಕೊಟ್ಟೋರು ಈಗ ಅದೇ ಹೊಲದಾಗ ಕೂಲಿ ಮಾಡಾಕತ್ತಾರ. ಕುಂತು ಉಂಡಾರೇನು? ಬಗ್ಗಿ ನಾಟಿ ಹಚ್ಚಾಕತ್ತಾರ."

"ಮತ್ತ ಎತ್ತು ಎಲ್ಲಿಂದ ತರ್ತಿ?"

"ಕೆಂಪಿ ಹಾಕ್ತಾಳ. ನಾಲ್ಕೈದು ವರ್ಷ ನಿಮ್ಮ ತಮ್ಮ ಆದಪ್ಪನ ಎತ್ತಿನ ಕೂಡ ಬಿಳಿಯನ ಜೋಡಿ ಮಾಡೂಣು. ಅಷ್ಟರಾಗ ಕರ ಬೆಳೀತೈತಿ."

"ಕೆಂಪಿಗೆ ವಯಸ್ಸಾಗೈತಿ. ಇನ್ನೊಂದು ಕರ ಹಾಕಿದ್ರ ಭಾಳಾತು. ಅದೂ ಗೌಡ್ರ ಪುಣ್ಯಾದಿಂದ ಕುದುರಿಗಾಲಿಂದೇ ಆದ್ರ?"

ಯಮನೂರಪ್ಪ ಅದನ್ನು ಭಕ್ತಿಯಿಂದಲೇ ಕೇಳಿದ್ದ. ಆದರೆ ಹದಿನಾರು ವರ್ಷದ ಸಂಸಾರದಲ್ಲಿ ಅವನು ಆಡಿದ ಒಂದೇ ಬುದ್ಧಿವಂತ ಮಾತು ಅದು. ಗ್ಯಾನಮ್ಮ ಅದನ್ನು ತಲೆಯಲ್ಲಿಟ್ಟುಕೊಂಡು ನೇರ ಸರ್ದಾರಬಿಯ ಹತ್ತಿರ ಹೋದಳು.

ಸರ್ದಾರಬಿ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಕಟ್ಟುವವಳು. ಗಂಡ ತೀರಿಕೊಂಡ ಮೇಲೆ ಅವನ ಸುತ್ತಿಗೆ ಕೈಗೆತ್ತಿಕೊಂಡು, ಮಸ್ಕಿಯಿಂದ ಲಿಂಗಸುಗೂರಿನವರೆಗೆ ಎತ್ತುಗಳನ್ನು ಹಗ್ಗ ಹಾಕಿ ಕೆಡವುತ್ತ ಬಂದವಳು. ಮುಖಕ್ಕಿಂತ ಮೊದಲು ಗೊರಸು ನೋಡಿ ಎತ್ತು ಯಾರದ್ದೆಂದು ಹೇಳುತ್ತಿದ್ದಳು. ಮನುಷ್ಯರ ಬಗ್ಗೆಯೂ ಅವಳ ಅಭಿಪ್ರಾಯ ಅಷ್ಟೇ ಎತ್ತರದಲ್ಲಿ ನಿಲ್ಲುತ್ತಿತ್ತು.

"ಚಾಚಿ, ಈ ಒಂಟಿ ಗೊರಸ ದೇವರು ಕೊಡ್ತಾನೇನು?" ಕೇಳಿದಳು ಗ್ಯಾನಮ್ಮ.

"ದೇವ್ರಿಗೆ ಬ್ಯಾರೆ ಕೆಲ್ಸ ಇಲ್ಲೇನು? ಅದು ಹೋರಿ ಕೊಡೋದು." ಸರ್ದಾರಬಿ ಎಲೆ ಅಡಿಕೆ ದವಡೆಗೆ ಸರಿಸಿದಳು. "ನಾ ಎಲ್ಲಾ ಕಾಲೂ ಕೈಯಾಗ ಹಿಡದೀನಿ, ನನಗ ಗೊತ್ತೈತಿ. ಹೋರಿ ಹೊರಗಿನ ಆಕಳಾ ಹತ್ತಿದಾಗ ಹುಟ್ಟಿದ್ದು ಎಲ್ಲಾ ಸೀಳು ಗೊರಸ. ನಿನ್ನ ಕೆಂಪೀನೂ ಹಂಗೇ. ಆದ್ರ ಆಕಿ ರಗತದಾಗ ಅಪ್ಪನ ಗೊರಸ ಅಡಗಿ ಕುಂತೈತಿ, ಕಾಲಾಗ ಕಾಣಂಗಿಲ್ಲ. ಅದೇ ಅಪ್ಪ ಬಂದು ಮಗಳನ್ನ ಹತ್ತಿದ್ರ, ಅಡಗಿದ್ದು ಅರ್ಧಾ, ಅವಂದು ಅರ್ಧಾ, ಕೂಡಿ ಹೊರಗ ಬೀಳ್ತೈತಿ. ಆ ದನಕ್ಕ ಬಿಸಿಲೂ ತಡಿಯಂಗಿಲ್ಲ, ನೋಡಿಲ್ಲೇನು? ಗೊರಸ ಅಷ್ಟೇ ಅಲ್ಲ, ಒಳಗೂ ಏನೋ ಮುಚ್ಚಿಕೊಂಡೇ ಹುಟ್ಟಿರ್ತೈತಿ."

"ಬ್ಯಾರೆ ಹೋರಿಗೆ ಬಿಟ್ರ?"

"ವಳಕಮದಿನ್ನ್ಯಾಗ ಮಾಸ ಬಣ್ಣದ ಹೋರಿ ಐತಿ. ಅದರ ವಂಶದಾಗ ಒಂದೂ ಒಂಟಿ ಗೊರಸ ನಾ ನೋಡಿಲ್ಲ. ಅದಕ್ಕ ಬಿಟ್ರ ಸೀಳು ಗೊರಸೇ ಹುಟ್ತೈತಿ. ಆದ್ರ ಗೌಡ ನಿನ್ನ ಊರು ಬಿಡಸ್ತಾನ."

"ತುರಂಗಬಸವ ಹೋರಿ ಆಗಿ ಇರೂ ಮಟ ಬಿಡಸ್ತಾನ" ಎಂದಳು ಗ್ಯಾನಮ್ಮ, ನಿಧಾನವಾಗಿ.

ಸರ್ದಾರಬಿ ಅವಳನ್ನು ನೋಡಿದಳು. ಎದ್ದು ಒಳಗೆ ಹೋಗಿ ಗೋಣಿಚೀಲದಲ್ಲಿ ಸುತ್ತಿದ್ದ ಒಂದು ವಸ್ತು ತಂದು ಮುಂದಿಟ್ಟಳು. ಉದ್ದ ಹಿಡಿಯ ದೊಡ್ಡ ಕಬ್ಬಿಣದ ಇಕ್ಕಳ. ಕೆಲಸ ಬಿಟ್ಟು ಊರಿಗೆ ಹೋದ ದನದ ಡಾಕ್ಟರೊಬ್ಬ ಅವಳ ಗಂಡನಿಗೆ ಕೊಟ್ಟುಹೋದದ್ದು. ಹೋರಿಯ ಬೀಜ ಒಡೆದು ಎತ್ತು ಮಾಡುವ ಸಾಮಾನು. ಚರ್ಮ ಹರಿಯುವುದಿಲ್ಲ, ರಕ್ತ ಬರುವುದಿಲ್ಲ, ಒಳಗಿನ ನರ ಮಾತ್ರ ನುಗ್ಗಾಗುತ್ತದೆ.

"ಗೌಡ ನಾಡಿದ್ದು ನನ್ನ ಕರದಾನ" ಎಂದಳು. "ಸಂಕ್ರಾಂತಿ ಆದಮ್ಯಾಲ ಲಿಂಗಸುಗೂರಾಗ ದನದ ಪ್ರದರ್ಶನ ಐತಂತ. ಹೋರಿಗೆ ಕುದುರಿ ನಾಲು ಕಟ್ಟಿ, ಟಕ್ ಟಕ್ ನಡಸಾಕ ರೂಢಿ ಮಾಡಸ್ತಾನಂತ. ಹೋರೀನ ಕೆಡವಬೇಕು. ಕೆಡವಿದ ಹೋರಿಗೆ ಎರಡು ಕಡಿ ಇರ್ತಾವ, ಗ್ಯಾನಿ. ಒಂದು ಕಡಿ ನೀ ಹಿಡಕೋ."

ನಾಲು ಕಟ್ಟುವ ದಿನ ಅರ್ಧ ಊರು ಗೌಡನ ಅಂಗಳದಲ್ಲಿತ್ತು. ಸರ್ದಾರಬಿ ಹಗ್ಗವನ್ನು ಹೋರಿಯ ಮೈಗೆ ಸುತ್ತಿ ಎಳೆದಾಗ ತುರಂಗಬಸವ ಮಣ್ಣಿನ ಗೋಡೆಯ ಹಾಗೆ ಮೆಲ್ಲಗೆ ಕುಸಿಯಿತು. ನಾಲ್ಕೂ ಕಾಲು ಕೂಡಿಸಿ ಕಟ್ಟಿದರು. ಗೌಡ ಹೊಸ ಪಟಗ ಸುತ್ತಿಕೊಂಡು ಬಂದು ಹೋರಿಯ ತಲೆಯ ಹತ್ತಿರ ಕೂತ. ಕೋಡು ಹಿಡಿಯುವ ಗೌರವ ಬೇರೆಯವರಿಗೆ ಬಿಟ್ಟುಕೊಡಲು ಅವನು ತಯಾರಿರಲಿಲ್ಲ. ಮರಿಸ್ವಾಮಿ ಪಕ್ಕದಲ್ಲಿ ಊದುಬತ್ತಿ ಹಿಡಿದು ನಿಂತ. ಉಳಿದ ಗಂಡಸರೆಲ್ಲ ಗೌಡನ ಬೆನ್ನ ಹಿಂದೆ. ಒದೆ ಬೀಳುವ ಕಡೆ ನಿಲ್ಲಲು ಮೀಸೆ ಇದ್ದವರು ಯಾರೂ ಮುಂದೆ ಬರಲಿಲ್ಲ.

"ಹಿಂದಿನ ಕಾಲು ಯಾರು ಹಿಡೀತೀರಿ?" ಸರ್ದಾರಬಿ ಕೂಗಿದಳು.

ಗಂಡಸರು ಊದುಬತ್ತಿಯ ಹೊಗೆ ನೋಡಿದರು.

"ನಾ ಹಿಡೀತೀನ್ರಿ" ಎಂದು ಗ್ಯಾನಮ್ಮ ಸೆರಗು ಸಿಕ್ಕಿಸಿ ಬಂದಳು.

"ಹಿಡೀಲಿ ಹಿಡೀಲಿ" ಎಂದ ಗೌಡ. "ಹೆಣ್ಣಾಳಿಗೆ ಹಿಂದಿನ ಕಡಿ ಸಾಕು. ಬಸವಣ್ಣನ ಮಾರಿ ನೋಡೂ ಯೋಗ್ಯತಾ ಬೇಕಲ್ಲ."

ಗ್ಯಾನಮ್ಮ ಹೋರಿಯ ಸೊಂಟದ ಮೇಲೆ ಇಕ್ಕಳ ಸುತ್ತಿದ್ದ ಗೋಣಿಚೀಲ ಹೊದಿಸಿ ಕೂತಳು. ಮೂರು ನಾಲು ಆದವು. ಗೌಡ ಹೋರಿಯ ಕಿವಿಯಲ್ಲಿ ಬಗ್ಗಿ ಅಪ್ಪನ ಕುದುರೆಯ ಕಥೆ ಹೇಳುತ್ತಿದ್ದ. ಕಟ್ಟಿಹಾಕಿದ್ದರಿಂದ ಹೋರಿಗೆ ಕೇಳದೆ ಗತಿಯಿರಲಿಲ್ಲ. ನಾಲ್ಕನೆಯದಕ್ಕೆ ಸರ್ದಾರಬಿ ಸುತ್ತಿಗೆ ಕೆಳಗಿಟ್ಟು, ಚೀಲದ ಅಡಿಯಲ್ಲಿ ಕೈ ತೂರಿಸಿ, ಎರಡು ಸಲ ಇಕ್ಕಳ ಒತ್ತಿದಳು. ಎರಡು ಸಲವೂ ಹೋರಿ ಮನೆಯ ಹೆಂಚು ಅದುರುವ ಹಾಗೆ ಕೂಗಿತು.

"ಏನಾತಲೇ!" ಗೌಡ ಹೌಹಾರಿದ.

"ಏನಿಲ್ರಿ ಗೌಡ್ರ. ಮೊಳಿ ಸ್ವಲ್ಪ ಒಳಗ ತಾಕ್ತು. ನೀವು ಕೋಡಾ ಗಟ್ಟಿ ಹಿಡಕೋರಿ, ಬಿಡಬ್ಯಾಡ್ರಿ."

ಗೌಡ ಗಟ್ಟಿಯಾಗಿ ಹಿಡಿದುಕೊಂಡ. "ಕುದುರಿ ಕೆನೆದಂಗ ಆತಲ್ರಿ ಸ್ವಾಮಿ" ಎಂದು ಮರಿಸ್ವಾಮಿಯ ಕಡೆ ತಿರುಗಿದ. ಮರಿಸ್ವಾಮಿ ಹೌದು ಎಂದ. ಅವನು ಹುಟ್ಟಿದಾಗಿನಿಂದ ಅಲ್ಲ ಎಂದವನಲ್ಲ.

ಹೋರಿಗೆ ದೃಷ್ಟಿಯಾಗಿದೆ, ಇಪ್ಪತ್ತು ದಿನ ಹಿಂಭಾಗ ಯಾರಿಗೂ ಕಾಣಬಾರದು ಎಂದು ಸರ್ದಾರಬಿ ಹೇಳಿ ಹೋದಳು. ಗೌಡ ಅಪ್ಪನ ಕುದುರೆಯ ಹಳೆಯ ಜರಿ ಜೂಲನ್ನು ಪೆಟ್ಟಿಗೆಯಿಂದ ತೆಗೆದು ಹೊದಿಸಿದ. ಬಾವು ಜರಿಯ ಅಡಿಯಲ್ಲಿ ಬಂತು, ಜರಿಯ ಅಡಿಯಲ್ಲೇ ಇಳಿಯಿತು.

ಎರಡು ತಿಂಗಳಲ್ಲಿ ತುರಂಗಬಸವ ದುಂಡಗಾಯಿತು, ಮೆತ್ತಗಾಯಿತು. ಹಾಯುವುದಿಲ್ಲ, ಗುಟುರು ಹಾಕುವುದಿಲ್ಲ, ಕೂತಲ್ಲಿ ಕೂತು ಮೆಲುಕು. ಬಸವಣ್ಣನಿಗೆ ಶಾಂತಿ ಬಂದಿದೆ ಎಂದು ಮರಿಸ್ವಾಮಿ ಹೇಳಿದ. ಗೌಡ ಕಾಯಿ ಒಡೆಸಿದ. ಒಡೆಯುವುದು ಒಡೆದಾಗಿತ್ತು, ಕಾಯಿಯೂ ಒಂದು ಹೋಗಲಿ.

ಆಗ ಕೆಂಪಿ ಬೆದೆಗೆ ಬಂತು. ಗ್ಯಾನಮ್ಮ ಕಟ್ಟಳೆಯ ಪ್ರಕಾರ ಅದನ್ನು ಗೌಡನ ಅಂಗಳಕ್ಕೆ ಹೊಡೆದುಕೊಂಡು ಹೋದಳು. ಇಕ್ಕಳ ಸರಿಯಾಗಿ ಕೂತಿರದಿದ್ದರೆ ಎಲ್ಲ ಮುಗಿದ ಹಾಗೆ. ಹೋರಿ ಕೆಂಪಿಯನ್ನು ಒಂದು ಸಲ ಮೂಸಿತು. ಬಂಧುಬಳಗ ಎಂದು ಗುರುತು ಹಿಡಿದ ಹಾಗೆ ತಲೆ ಆಡಿಸಿತು. ತಿರುಗಿ ಹೋಗಿ ಹೊಟ್ಟಿನ ಬುಟ್ಟಿಗೆ ಬಾಯಿ ಹಾಕಿತು.

ಗೌಡ ಕಾದ. ನೂಕಿಸಿದ. ಬೆಲ್ಲ ತಿನ್ನಿಸಿದ. ಕಟ್ಟೆಯ ಮೇಲೆ ನಾಲ್ಕು ಜನ ನೋಡುತ್ತಿದ್ದರು. ತಪ್ಪು ಬಸವನದಾಗಲು ಸಾಧ್ಯವಿರಲಿಲ್ಲ.

"ನಿನ್ನ ಆಕಳದಾಗೇ ಖರಾಬಿ ಐತಿ ಬೇ! ಮುದಿ ಆಕಳಾ ತಂದು ಬಸವಣ್ಣನ ಮುಂದ ನಿಲ್ಲಸ್ತಿ? ಹೊರಗ ಹೊಡಿ ಅದನ್ನ! ಎಲ್ಲಿಗರೆ ಹೊಡಕೊಂಡು ಹೋಗು, ಯಾವುದಕ್ಕರೆ ಬಿಡು!"

"ಯಾವುದಕ್ಕರೆ ಬಿಡಲ್ರೀ?"

"ಕತ್ತೆಗೆ ಬಿಡು!"

"ನಾಲ್ಕು ಮಂದಿ ಕೇಳೀರಿ" ಎಂದು ಗ್ಯಾನಮ್ಮ ಕಟ್ಟೆಯ ಕಡೆ ತಿರುಗಿ ಹೇಳಿದಳು. ಗೌಡನಿಗೆ ತಲೆಬಾಗಿ ನಮಸ್ಕಾರವನ್ನೂ ಮಾಡಿದಳು. ಅವಳ ಜನ್ಮದಲ್ಲಿ ಅವನಿಗೆ ಮನಸ್ಸಾರೆ ಮಾಡಿದ ನಮಸ್ಕಾರ ಅದೊಂದೇ. ಕೆಂಪಿಯನ್ನು ಬೀದಿಯ ನಡುವೆಯೇ ಹೊಡೆದುಕೊಂಡು, ಕಾಲುವೆಯ ಏರಿ ಹಿಡಿದು, ಹೊತ್ತು ಮುಳುಗುವುದರೊಳಗೆ ವಳಕಮದಿನ್ನಿಗೆ ಹೋಗಿ ಬಂದಳು.

ಸಂಕ್ರಾಂತಿಯಾದ ಮೇಲೆ ಗೌಡ ಜೂಲು ಹೊದಿಸಿದ ತುರಂಗಬಸವನನ್ನು ಲಿಂಗಸುಗೂರಿಗೆ ಕರೆದೊಯ್ದ. ಎಳ್ಳದಿನ್ನಿಯ ಜನ ಹಿಂದೆ. ಡಾಂಬರು ರಸ್ತೆಯ ಮೇಲೆ ಹೋರಿ ಟಕ್ ಟಕ್ ಎಂದು ನಡೆದಾಗ ಹಟ್ಟಿಯ ಚಿನ್ನದ ಗಣಿಯಿಂದ ಪಾಳಿ ಮುಗಿಸಿ ಬಂದಿದ್ದ ಕೂಲಿಗಳೂ ತಿರುಗಿ ನೋಡಿದರು. ಗೌಡ ತನ್ನ ಕಾಲುಗಳನ್ನೂ ಅದೇ ತಾಳಕ್ಕೆ ಹಾಕತೊಡಗಿದ. ತಳಿ ಹೋರಿಗಳ ಸಾಲಿನಲ್ಲಿ ಮೊದಲನೆಯ ಗೂಟಕ್ಕೆ ಕಟ್ಟಿಸಿದ.

ದನದ ಡಾಕ್ಟರು ಬಂದ. ವಯಸ್ಸಿನಲ್ಲಿ ಚಿಕ್ಕವ, ಕನ್ನಡಕದಲ್ಲಿ ದೊಡ್ಡವ. ಮೊದಲು ಗೊರಸು ನೋಡಿದ.

"ಇದು ಹುಟ್ಟಿನಿಂದ ಬರುವ ದೋಷ. ಇಂಥದ್ದನ್ನು ತಳಿಗೆ ಬಿಡಬಾರದು."

"ದೋಷ ಅಲ್ರಿ ಸಾಹೇಬ್ರ, ವಂಶ. ನಮ್ಮಪ್ಪಾರ ಕುದುರಿ—"

ಡಾಕ್ಟರು ಜೂಲು ಎತ್ತಿದ. ಕೈ ಹಾಕಿ ಮುಟ್ಟಿ ನೋಡಿದ. ಮತ್ತೊಮ್ಮೆ ಮುಟ್ಟಿದ. ಮುಖ ಸಡಿಲವಾಯಿತು.

"ಚಿಂತೆ ಇಲ್ಲ ಬಿಡಿ. ನೀವೇ ಒಡೆಸಿಬಿಟ್ಟಿದ್ದೀರಲ್ಲ, ಒಳ್ಳೆ ಕೆಲಸ. ಇಕ್ಕಳದಿಂದ ಮಾಡಿಸಿದ್ದೀರಿ, ಭಾಳ ಅಚ್ಚುಕಟ್ಟು. ಆದರೆ ಇಲ್ಲಿ ಯಾಕೆ ಕಟ್ಟಿದ್ದೀರಿ? ಎತ್ತಿನ ಸಾಲು ಆ ಕಡೆ."

ಎಳ್ಳದಿನ್ನಿಗೆ ಎಳ್ಳದಿನ್ನಿಯೇ ಜೂಲಿನ ಅಡಿಗೆ ಬಗ್ಗಿ ನೋಡಿತು. ಗೌಡನ ಬಾಯಿ ತೆರೆದೇ ಇತ್ತು. ನಾಲು ಕಟ್ಟಿದ ದಿನದ ಎರಡು ಕೂಗು ಅವನ ಕಿವಿಯಲ್ಲಿ ಮತ್ತೆ ಕೇಳಿರಬೇಕು. ಅವನ ಕಣ್ಣು ಜನರ ನಡುವೆ ಸರ್ದಾರಬಿಯನ್ನು ಹುಡುಕಿ, ಪಕ್ಕದಲ್ಲಿದ್ದ ಗ್ಯಾನಮ್ಮನ ಮೇಲೆ ನಿಂತಿತು. ಒಂದು ಮಾತು ಅವನ ಬಾಯಿಂದ ಬಂದರೆ ಊರು ಬಿಡಬೇಕು, ಮೂರು ಎಕರೆ ಬಿಡಬೇಕು, ಕೆಂಪಿಯ ಹೊಟ್ಟೆಯಲ್ಲಿರುವುದನ್ನೂ ಬಿಡಬೇಕು. ಆದರೆ ಅವಳು ಕಣ್ಣು ಕೆಳಗೆ ಮಾಡಲಿಲ್ಲ. ತನ್ನ ಎರಡೂ ಕೈ ಮೇಲೆತ್ತಿ, ಗಾಳಿಯಲ್ಲಿ ಎರಡು ಕೋಡು ಗಟ್ಟಿಯಾಗಿ ಹಿಡಿದುಕೊಂಡ ಹಾಗೆ ಮುಷ್ಟಿ ಕಟ್ಟಿ ತೋರಿಸಿದಳು.

ಗೌಡನಿಗೆ ಅರ್ಥವಾಯಿತು. ಬಸವಣ್ಣನ ಬೀಜ ಒಡೆದರು ಎಂದು ಕೂಗಬಹುದು. ಆಗ ಕೋಡು ಹಿಡಿದವರು ಯಾರು ಎಂದು ಲಿಂಗಸುಗೂರು ಕೇಳುತ್ತದೆ, ಸಿಂಧನೂರು ಕೇಳುತ್ತದೆ, ಮಸ್ಕಿ ಸಂತೆಯಲ್ಲಿ ಮುಂಡಾಸು ಬಿಚ್ಚದೆ ನಗುತ್ತಾರೆ. ಅವನು ಬಾಯಿ ಮುಚ್ಚಿದ. ಮರಿಸ್ವಾಮಿಯ ಕಡೆ ನೋಡಿದ.

"ಬಸವಣ್ಣ ವೈರಾಗ್ಯ ತಾಳ್ಯಾನ" ಎಂದ ಮರಿಸ್ವಾಮಿ. "ತಾನಾಗೇ."

"ತಾನಾಗೇ" ಎಂದ ಗೌಡ.

ಡಾಕ್ಟರು ಕನ್ನಡಕ ಒರೆಸಿಕೊಂಡು ಮುಂದಿನ ಗೂಟಕ್ಕೆ ಹೋದ. ಊರವರು ವೈರಾಗ್ಯಕ್ಕೆ ಕೈ ಮುಗಿದರು. ಎಲ್ಲರಿಗಿಂತ ಮೊದಲು ಮುಗಿದವನು ಯಮನೂರಪ್ಪ.

ನಾಟಿಯ ಕಾಲಕ್ಕೆ ಕೆಂಪಿ ಕರು ಹಾಕಿತು. ಗಂಡು. ಗ್ಯಾನಮ್ಮ ಮುಖ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಒದ್ದೆ ಕರುವಿನ ಕಾಲನ್ನು ಮಡಿಲಿಗೆ ಎಳೆದುಕೊಂಡು, ಗೊರಸಿನ ನಡುವೆ ಹೆಬ್ಬೆರಳಿಟ್ಟು ಒತ್ತಿದಳು. ಎರಡು ಹೋಳಾಗಿ ಬಿಟ್ಟುಕೊಂಡಿತು. ಎರಡನೆಯದೂ. ಮೂರನೆಯದೂ. ನಾಲ್ಕನೆಯದಕ್ಕೆ ಅಂಟಿದ್ದ ಲೋಳೆಯನ್ನು ಸೆರಗಿನಿಂದ ಒರೆಸಿ ಒತ್ತಿದಳು. ಅದೂ ಬಿಟ್ಟುಕೊಂಡಿತು.

ಸರ್ದಾರಬಿ ಬಂದು ನೋಡಿದಳು. "ಛಲೋ ಐತಿ. ಆದ್ರ ಇದನ್ನ ಹೋರಿ ಮಾತ್ರ ಬಿಡಬ್ಯಾಡ. ತಾಯಿ ರಗತದಾಗಿಂದು ಇದರಾಗೂ ಅಡಗಿರಬಹುದು. ಹೊತ್ತಿಗೆ ಸರಿ ಒಡಿಸಿಬಿಡು."

"ನನಗ ಎತ್ತು ಸಾಕು ಚಾಚಿ. ಗೌಡ್ರಂಗ ವಂಶ ಯಾಕ ಬೇಕು?"

ಯಮನೂರಪ್ಪ ಲಾವಣಿಯ ಮಾತು ಆಮೇಲೆ ಎತ್ತಲಿಲ್ಲ. ಕರುವಿಗೆ ಅರಿಶಿನದ ಬಟ್ಟೆ ಕಟ್ಟಲು ಈ ಸಲ ಗೌಡರು ಬರಲಿಲ್ಲವಲ್ಲ ಎಂದು ಮಾತ್ರ ಒಂದೆರಡು ದಿನ ಸಣ್ಣ ಮುಖ ಮಾಡಿದ.

ಗೌಡ ಬಂದದ್ದು ಬೇರೆ ದಾರಿಯಲ್ಲಿ. ಒಂದು ಮಧ್ಯಾಹ್ನ ಗ್ಯಾನಮ್ಮ ಕರುವನ್ನು ಗದ್ದೆಯ ಬದುವಿಗೆ ಬಿಟ್ಟುಕೊಂಡು ಸಸಿ ಕೀಳುತ್ತಿದ್ದಳು. ಕಾಲುವೆಯ ಏರಿಯ ಮೇಲೆ ಒಂದು ಆಕಳು, ಅದರ ಹಗ್ಗ ಹಿಡಿದು, ಆ ಬಿಸಿಲಲ್ಲಿ ತಲೆತುಂಬ ಶಾಲು ಹೊದ್ದ ಒಬ್ಬ ಮನುಷ್ಯ. ಆಳಿನ ಕೈಗೆ ಕೊಟ್ಟರೆ ಊರಿಗೆ ತಿಳಿಯುತ್ತದೆಂದು ತಾನೇ ಹೊರಟಿದ್ದ.

"ಎಲ್ಲಿಗ್ರಿ ಗೌಡ್ರ?"

ಶಾಲು ನಿಂತಿತು. "ಹಟ್ಟಿಗೆ. ಕೆಲ್ಸ ಐತಿ."

"ಹಟ್ಟಿ ಅತ್ಲಾಗ ಉಳೀತಲ್ರಿ. ಇದು ವಳಕಮದಿನ್ನಿ ದಾರಿ. ಮತ್ತ ಹಟ್ಯಾಗ ಆಕಳಿಂದೇನು ಕೆಲ್ಸ, ಬಂಗಾರ ಅಗೀತದೇನ್ರಿ?"

ಗೌಡನ ಕಣ್ಣು ಬದುವಿನ ಮೇಲಿದ್ದ ಕರುವಿನ ಕಾಲಿನ ಮೇಲಿತ್ತು. ಕರು ಅದೇ ಹೊತ್ತಿಗೆ ಬದು ಇಳಿದು ಕೆಸರಿಗೆ ಕಾಲಿಟ್ಟಿತು. ಗೊರಸು ಅರಳಿ ತಳ ಹಿಡಿಯಿತು, ಕೂಡಿ ಮೇಲೆ ಬಂತು, ಮುಂದಿನ ಹೆಜ್ಜೆ ಇಟ್ಟಿತು. ಗೌಡ ಹಗ್ಗ ಜಗ್ಗಿ ನಡೆದ.

"ಮಾಸ ಹೋರಿ ಬಾವಿ ಹತ್ರ ಕಟ್ಟಿರ್ತಾರ್ರೀ" ಎಂದು ಗ್ಯಾನಮ್ಮ ಹಿಂದಿನಿಂದ ಕೂಗಿದಳು. "ಮಾರಿ ನೋಡಾಕ ಯೋಗ್ಯತಾ ಏನೂ ಕೇಳಂಗಿಲ್ರಿ ಅವರು!"

ಕರುವನ್ನು ಹತ್ತಿರ ಎಳೆದುಕೊಂಡು, ಗೊರಸಿನ ಸೀಳಿನಲ್ಲಿ ಸಿಕ್ಕಿದ್ದ ಕೆಸರನ್ನು ಬೆರಳಿನಿಂದ ತೆಗೆದು ಒಗೆದಳು. ಮತ್ತೆ ಬಗ್ಗಿ ಸಸಿಗೆ ಕೈ ಹಾಕಿದಳು.